ಕಚ್ಚು

ಹಗಲು ನಾನು ಕಟ್ಟುವುದು ಹಲ್ಲು.
ದಾವಣಗೆರೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದೆ,
ಮಿಠಾಯಿ ಅಂಗಡಿಯ ಮೇಲಿನ ಮಹಡಿ.
ಬೋರ್ಡಿನಲ್ಲಿ ಡಾಕ್ಟರ ಹೆಸರು; ನನ್ನದಿಲ್ಲ.
ಊರ ಅರ್ಧ ಮುದುಕರು ಮಂಡಕ್ಕಿ ಮಿರ್ಚಿ ಅಗಿಯುವುದು
ನನ್ನ ಬೆರಳ ಲೆಕ್ಕದಲ್ಲಿ.

ರಾತ್ರಿ ನಾನು ಕಟ್ಟುವುದು ಮೀನು.

ಅದೇ ಗುಲಾಬಿ ಪುಡಿ, ಅದೇ ಮೂಗು ಸುಡುವ ದ್ರವ,
ವಸಡಿಗೆಂದು ಕಲಸಿ ಉಳಿದ ಚೂರು.
ಮೇಣದಲ್ಲಿ ಕೊರೆದು, ಪ್ಲಾಸ್ಟರಿನಲ್ಲಿ ಹೂತು,
ಕುಕ್ಕರಿನಲ್ಲಿ ಬೇಯಿಸಿದರೆ
ಬೆರಳುದ್ದದ ಒಂದು ಪ್ರಾಣಿ, ರೆಪ್ಪೆ ಇಲ್ಲದ್ದು.

"ನಾವು ಮೀನು ತಿನ್ನೋ ಜನ ಅಲ್ಲ,"
ಎರಡನೇ ಕುಕ್ಕರು ತಂದ ದಿನ ದಾಕ್ಷಾಯಣಿ ಅಂದಳು,
"ತಿನ್ನಲ್ಲ, ಮಾರಲ್ಲ, ದೇವರ ಮುಂದೆ ಇಡಾಕೂ ಬರಲ್ಲ.
ಇದ್ಯಾವ ಸೀಮೆ ಅಡಿಗಿ?"
ಆದರೂ ತನ್ನ ಹಸಿರು ನೇಲ್ ಪಾಲಿಶ್
ಕೈಗೆ ಸಿಗುವಂತೆಯೇ ಇಟ್ಟು ಮಲಗುತ್ತಾಳೆ.

ಮೊದಲನೆಯದು ಕಲ್ಲಿನಂತೆ ಮುಳುಗಿತು.
ವಾರಕ್ಕೊಮ್ಮೆ ನಲ್ಲಿ ಬರುವ ಓಣಿ ನಮ್ಮದು;
ತುಂಬಿಟ್ಟ ಡ್ರಮ್ಮಿನ ತಳದಿಂದ ಎತ್ತಲು
ಭುಜದವರೆಗೆ ತೋಳು ಇಳಿಸಿದೆ. ಬೈಸಿಕೊಂಡೆ.
ಎರಡನೆಯದರ ಹೊಟ್ಟೆ ಕೊರೆದೆ. ಅಂಗಾತ ತೇಲಿತು,
ಸತ್ತ ಮೀನಿಗಿಂತ ಹೆಚ್ಚು ಸತ್ತು.
ಮೂರನೆಯದಕ್ಕೆ ಸೈಕಲ್ಲಿನ ಬಾಲ್ಸು ಎರಡು,
ಟೈರ್ ಅಂಗಡಿಯ ಸೀಸ ಒಂದು ಚೂರು,
ಗದ್ದಕ್ಕೆ ಹಳೇ ಸಿಡಿಯಿಂದ ಕತ್ತರಿಸಿದ ನಾಲಿಗೆ
(ಮದುವೆಯದಲ್ಲ, ಓದಿ ನೋಡಿಯೇ ಕತ್ತರಿಸಿದೆ),
ಪಕ್ಕೆಗೆ ಮಾತ್ರೆ ಶೀಟಿನ ಬೆಳ್ಳಿ.
ಆರನೆಯದೋ ಏಳನೆಯದೋ
ಎಳೆದರೆ ಸೊಂಟ ಆಡಿಸಿತು.
ರಾತ್ರಿ ಹನ್ನೆರಡಕ್ಕೆ ಡ್ರಮ್ಮಿನ ಸುತ್ತ
ಇಬ್ಬರೂ ನಿಂತು ನೋಡಿದೆವು.

ದೇವರಬೆಳಕೆರೆ ಪಿಕಪ್ಪಿನ ಏರಿಯ ಮೇಲೆ
ಅಂಬಿಗರ ಕೆಂಚಪ್ಪ ಅದನ್ನು ಅಂಗೈಲಿ ತೂಗಿ,
ಬಾಯಿಗೆ ಹಾಕಿ ಕಚ್ಚಿ ನೋಡಿದ.
ಆ ಹಲ್ಲೂ ನನ್ನವೇ, ಹೋದ ಶ್ರಾವಣದಲ್ಲಿ ಕೊಟ್ಟವು.
"ಗಟ್ಟಿ ಐತಿ ಬಿಡ್ರಿ.
ಆದ್ರ ಮೀನು ಹಸಿವಿಗೆ ಅಷ್ಟೇ ಬಾಯಿ ಹಾಕಲ್ಲ.
ಕೊರವ ಮೀನು ಮರಿ ಕಾಯೋ ಹೊತ್ನಾಗ
ಹೊಟ್ಟಿಗೆ ಏನೂ ಬ್ಯಾಡ ಅದಕ್ಕ.
ಸಿಟ್ಟಿಗೆ ಬರ್ತತಿ."

ಜೊಂಡಿನ ಅಂಚಿಗೆ ಎಸೆದೆ.
ಅಲ್ಲಿ ನೀರು ಓಕುಳಿಯಂತೆ ಕದಡಿತ್ತು:
ಸಾವಿರ ಮರಿಗಳ ಕೆಂಪು ಉಂಡೆ
ಮೇಲೆದ್ದು, ಉಸಿರು ಹೀರಿ, ಮುಳುಗಿ, ಮತ್ತೆ ಎದ್ದು.
ಕಂಡದ್ದು ಎಸೆದ ಮೇಲೆ.
ದಾರ ಬೇಗ ಸುತ್ತಬಹುದಿತ್ತು. ಸುತ್ತಲಿಲ್ಲ.
ನನ್ನ ಮೀನು ಸೊಂಟ ಆಡಿಸುತ್ತಿತ್ತು,
ನೋಡಬೇಕಿತ್ತು ನನಗೆ.

ನೀರು ಒಡೆಯಿತು.
ಕೈಗೆ ಬಂದದ್ದು ಮೀನಲ್ಲ, ಬರೀ ಒಂದು ಏಟು,
ಬಿಗಿದ ದಾರ, ಆಮೇಲೆ ಸಡಿಲ.
ಗಾಳ ಹಿಡಿಯಲಿಲ್ಲ. ಒಳ್ಳೆಯದೇ ಆಯಿತೆಂದು
ಮೂರು ದಿನ ಬಿಟ್ಟು ಹೇಳುತ್ತಿದ್ದೇನೆ;
ಅವತ್ತು ಬೈದೆ, ನೀರಿಗೆ.

ನಮ್ಮ ಕಸುಬಿನಲ್ಲಿ ಒಂದು ನೀಲಿ ಕಾಗದವಿದೆ.
ಹೊಸ ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತೇವೆ.
ಎಲ್ಲಿ ಹೆಚ್ಚಿಗೆ ತಾಗಿತೋ ಅಲ್ಲಿ ನೀಲಿ ಚುಕ್ಕೆ,
ಅಷ್ಟನ್ನೇ ಉಜ್ಜಿ ತೆಗೆಯಬೇಕು.
ಸುಳ್ಳು ಎಲ್ಲಿ ಎತ್ತರವಾಯಿತೆಂದು
ಬಾಯಿಯೇ ಹೇಳುತ್ತದೆ.

ದೀಪದ ಕೆಳಗೆ ಮೀನನ್ನು ತಿರುಗಿಸಿದೆ.
ದಾಕ್ಷಾಯಣಿಯ ಹಸಿರಿನ ಮೇಲೆ, ಬೆನ್ನಿಗೆ ಅಡ್ಡಲಾಗಿ
ಸೂಜಿ ಚುಚ್ಚಿದಂಥ ಹನ್ನೊಂದು ಗುಳಿ, ಕಮಾನಿನಂತೆ.
ಎಷ್ಟೋ ದವಡೆಗಳ ಅಚ್ಚು ತೆಗೆದಿದ್ದೇನೆ;
ಇಷ್ಟು ನೇರವಾಗಿ ಯಾರೂ ಕಚ್ಚಿರಲಿಲ್ಲ.

"ಬಣ್ಣ ಹೋಗೇತಿ, ಹಚ್ಚಿ ಕೊಡ್ಲಾ?" ಅಂದಳು.
ಬೇಡವೆಂದೆ.
ಗಾಳ ಮೂರೂ ಬಿಚ್ಚಿ ಡಬ್ಬಿಗೆ ಹಾಕಿದೆ.
ಮರಿ ದೊಡ್ಡವಾಗುವ ತನಕ ಅದು ಲ್ಯಾಬಿನ ಕಿಟಕಿಯಲ್ಲಿ,
ಯಾರದೋ ಮೇಲ್ದವಡೆಯ ಪಕ್ಕ.

ನಾಳೆ ಹತ್ತಕ್ಕೆ ಆನಗೋಡಿನ ಮುದುಕಿ ಬರುತ್ತಾಳೆ, ಎರಡನೇ ಸಲ.
ಕೆಳಗಿನ ಸೆಟ್ಟು
ಅವಳನ್ನೇ ಕಚ್ಚುತ್ತದಂತೆ.